ಮೊಟ್ಟೆ ಹಿಡಿಯುವ ಆಟ

ಆ ವರ್ಷ ಮುದ್ದಪ್ಪನ ಮನೆಗೆ ಮೂರು ಆಟಗಳು ಬಂದವು. ಯುಗಾದಿಗೆ ಕಾರಿನ ಆಟ, ಮುಂಗಾರಿಗೆ ಕುರಿಮರಿ ಆಟ, ಗೌರಿಹಬ್ಬ ಕಳೆದ ಮೇಲೆ ಮೊಟ್ಟೆ ಆಟ. ಮೂರೂ ಅಂಗೈ ಅಗಲದವು, ಮೂರೂ ಸೌದಿಯಿಂದ ಯಾರದೋ ಪೆಟ್ಟಿಗೆಯಲ್ಲಿ ಬಂದವು, ಮೂರೂ ಕೆಟ್ಟು ಕೂತಿದ್ದವು. ಅವುಗಳಿಗೆ ಜೀವ ಕೊಟ್ಟವನು ಮುದ್ದಪ್ಪನ ಮಗ ಅಂಜನಪ್ಪ.

ಅಂಜನಪ್ಪ ಶಿರಾ ಬಸ್‌ಸ್ಟ್ಯಾಂಡಿನ ಹಿಂದೆ ಪ್ಯಾರೇಜಾನ್ ಸಾಬರ ವಾಚ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಕೂತರೆ ಅಪ್ಪ ಬಂದು ಕರೆದರೂ ಏಳುವವನಲ್ಲ. ಕೆಟ್ಟ ಗಡಿಯಾರ ಅವನ ಕೈಗೆ ಬಂದರೆ ಮಾತಾಡುತ್ತಿತ್ತು, ಅವನು ಮಾತ್ರ ಮಾತಾಡುತ್ತಿರಲಿಲ್ಲ. ಬಾಯಿ ಬಿಟ್ಟರೆ ಮುತ್ತು ಉದುರಿ ಹೋಗುತ್ತದೆ ಎನ್ನುವ ಜಾತಿ. ಶಿರಾದ ಹುಡುಗರು ಆಗತಾನೆ ಸೌದಿಗೆ ಹೋಗಲು ಶುರುಮಾಡಿದ್ದರು. ಬರುವಾಗ ಮಕ್ಕಳಿಗೆ ಆಟ ತರುವರು, ಮಕ್ಕಳು ಎರಡೇ ವಾರದಲ್ಲಿ ಕೆಡಿಸುವರು. ಅದನ್ನು ಸಾಬರ ಅಂಗಡಿಗೆ ತಂದು, “ಇದು ವಿಡಿಯೋ ಗೇಮು, ನೋಡಿ ಏನಾದ್ರೂ ಆಗುತ್ತಾ” ಎಂದು ಕೊಟ್ಟು ಹೋಗುವರು.

“ಅರೆ ಅಂಜನಪ್ಪ, ಇದೂ ವಾಚೇ ಸಮಜ್ಕೊ,” ಎಂದಿದ್ದರು ಸಾಬರು. “ಸೆಲ್ಲು ವಾಚಿಂದೇ. ಒಳಗೆ ನೋಡು, ಯಜಮಾನ ಬರೋತಂಕ ನೀನೇ ಇಟ್ಕೊ.”

ಹಾಗೆ ಸರಿಮಾಡಿದ ಆಟ ಯಜಮಾನ ಬರುವ ತನಕ ಬರಗೂರಿನ ಆಚೆ ಎರಡು ಮೈಲಿ ಒಳಗಿನ ಗೊಲ್ಲರಹಟ್ಟಿಯಲ್ಲಿ ಬಾಳುತ್ತಿತ್ತು. ಮೂವತ್ತು ಮನೆ, ಸುತ್ತ ಮುಳ್ಳುಬೇಲಿ, ಒಳಕ್ಕೆ ಹೋಗಲು ಒಂದೇ ಬಾಗಿಲು. ಮುದ್ದಪ್ಪ ಹಟ್ಟಿದೇವರ ಪೂಜಾರಿ.

ಕಾರಿನ ಆಟ ಮಗಳು ಹೊನ್ನಕ್ಕನಿಗೆ ಪ್ರೀತಿ. ಬರಗೂರು ಹೈಸ್ಕೂಲಿನಲ್ಲಿ ಒಂಬತ್ತನೆಯ ಕ್ಲಾಸು ಓದುತ್ತಿದ್ದ ಅವಳು ಪುಸ್ತಕದೊಳಗೆ ಅದನ್ನಿಟ್ಟುಕೊಂಡು ಒಂದು ತಿಂಗಳು ಕಾರು ಓಡಿಸಿದಳು, ಪರೀಕ್ಷೆಯಲ್ಲಿ ಗಣಿತ ಗುದ್ದಿಕೊಂಡಿತು. ಕುರಿಮರಿ ಆಟ ಸಾಕ್ಷಾತ್ ಪೂಜಾರಪ್ಪನಿಗೇ ಹಿಡಿಸಿಬಿಟ್ಟಿತು. ಬೇಲಿಯ ಮೇಲಿಂದ ಕಪ್ಪಗೆ ಏನೋ ಒಂದೊಂದೇ ಹಾರಿ ಬರುವುದು, ಈಚೆ ಒಬ್ಬ ನಿಂತು ಹಿಡಿಯಬೇಕು, ಮೂರು ತಪ್ಪಿದರೆ ಆಟ ಮುಗಿಯಿತು.

“ಕುರಿಮರಿ ಕಣಮ್ಮ ಇವು,” ಎಂದ ಮುದ್ದಪ್ಪ, ಆಟವನ್ನು ಮೂಗಿನ ತುದಿಗೆ ಹಿಡಿದು.

“ಬೆಕ್ಕು ಕಣಪ್ಪ. ಬಾಲ ನೋಡು ಎಷ್ಟುದ್ದ ಐತೆ,” ಎಂದಳು ಹೊನ್ನಕ್ಕ.

“ನಲವತ್ತೊರ್ಸ ಕುರಿ ಕಾದೋನಿಗೆ ನೀನು ಹೇಳ್ಕೊಡ್ತೀಯ? ಬೆಕ್ಕು ಇಂಗೆ ಸಾಲಾಗಿ ಬತ್ತದಾ? ನೀ ಓದ್ಕ ಓಗು.”

“ದೇವ್ರಿಗೆ ಹೂವ ಏರಿಸೋದು ಬುಟ್ಟು ಬೆಕ್ಕು ಹಿಡಿತಾ ಕುಂತವ್ನೆ ಗಂಡ್ಸು,” ಎಂದು ಒಲೆಯ ಮುಂದಿನಿಂದ ಗಿರಿಯಮ್ಮ ಗೊಣಗಿದಳು. ಆ ಮನೆಯ ಯಜಮಾನಿಕೆ ಅವಳದು. ದೇವರು ಮುದ್ದಪ್ಪನ ಮೈಮೇಲೆ ಬರುತ್ತಿದ್ದನಾದರೂ ಯಾವಾಗ ಬರಬೇಕು ಎನ್ನುವುದನ್ನು ಗಿರಿಯಮ್ಮನೇ ಗೊತ್ತುಮಾಡುತ್ತಾಳೆ ಎಂದು ಹಟ್ಟಿಯ ಹೆಂಗಸರು ನಗಾಡುತ್ತಿದ್ದರು.

ಇವರ ನಡುವೆ ಸೊಸೆ ಈರಕ್ಕ ಇದ್ದಳು. ಅವಳಿಗೆ ಆಗ ಐದು ತಿಂಗಳು. ಆಟ ಯಾವುದೂ ಅವಳ ಕೈಗೆ ಬರುತ್ತಿರಲಿಲ್ಲ, ಅವಳು ಕೇಳುತ್ತಲೂ ಇರಲಿಲ್ಲ. ಅವಳ ತಲೆಯಲ್ಲಿ ಇದ್ದದ್ದು ಒಂದೇ ಮಾತು. ಎರಡು ವರ್ಷದ ಹಿಂದೆ ಅವಳ ಚೊಚ್ಚಲ ಕೂಸು ಬೇಲಿಯಾಚೆಯ ಗುಡಿಸಲಲ್ಲಿ ಹನ್ನೊಂದನೆಯ ದಿನಕ್ಕೆ ತಣ್ಣಗಾಗಿತ್ತು. ಈ ಕೂಸನ್ನು ಉಳಿಸಿಕೊಳ್ಳಬೇಕು.

ಹಟ್ಟಿಯ ಕಟ್ಟು ಹಾಗಿತ್ತು. ಮುಟ್ಟಾದವಳು ಐದು ದಿನ ಬೇಲಿಯ ಹೊರಗಿನ ಮರದ ಕೆಳಗೆ, ಹಡೆದವಳು ಕೂಸಿನ ಸಮೇತ ಮೂರು ತಿಂಗಳು ಹೊರಗೆ. ಬೇಲಿಯಿಂದ ಕೂಗಳತೆ ದೂರದಲ್ಲಿ ಸೋಗೆ ಹೊದಿಸಿದ ಗುಡಿಸಲು, ಬಗ್ಗಿ ಒಳಗೆ ಹೋಗಬೇಕು. ನಡುವೆ ಒಂದು ಚಪ್ಪಡಿ ಕಲ್ಲು. ಮನೆಯವರು ಊಟ ತಂದು ಕಲ್ಲಿನ ಮೇಲಿಟ್ಟು ಹಿಂದೆ ಸರಿದ ಮೇಲೆ ಬಾಣಂತಿ ಬಂದು ತೆಗೆದುಕೊಂಡು ಹೋಗಬೇಕು. ಗುಡಿಸಲೊಳಗೆ ಹಟ್ಟಿಯವರು ಕಾಲಿಡುವಂತಿಲ್ಲ. ಕೂಸಿಗೆ ನೀರು ಹಾಕಲು ಊರ ಕೇರಿಯಿಂದ ಸೂಲಗಿತ್ತಿ ಮುನಿಯಮ್ಮ ಬರುತ್ತಿದ್ದಳು. ಅವಳು ಹಟ್ಟಿಯವಳಲ್ಲವಾದ್ದರಿಂದ ಅವಳಿಗೆ ಈ ಕಟ್ಟಿಲ್ಲ. ಯಾಕೆ ಹೀಗೆ ಎಂದರೆ ಯಾರಿಗೂ ಗೊತ್ತಿಲ್ಲ, ಹಿಂದಿನಿಂದ ಬಂದದ್ದು.

ಒಂದು ಸಂಜೆ ಅಂಜನಪ್ಪ ಮುದ್ದೆ ಮುರಿಯುತ್ತಿದ್ದಾಗ ಈರಕ್ಕ ಹುರುಳಿ ಸಾರು ಬಡಿಸುತ್ತ ಮೆಲ್ಲಗೆ ಕೇಳಿದಳು.

“ಸಾಬ್ರು ಅಂಗ್ಡಿ ಹಿಂದ್ಲ ರೂಮು ಕೊಡ್ತೀನಿ ಅಂದವ್ರೆ ಅಂದ್ಯಲ್ಲ. ಈ ಸಲ ಸಿರಾದಾಗೆ ಹಡೀತೀನಿ. ಆಸ್ಪತ್ರೆನೂ ಹತ್ರ. ಮೂರು ತಿಂಗ್ಳು ಅಲ್ಲೇ ಇದ್ದು ಮೈ ತೊಳ್ಕಂಡು ಬತ್ತೀನಿ. ನಿಮ್ಮ ದೇವ್ರಿಗೂ ಮೈಲಿಗೆ ಆಗಕ್ಕಿಲ್ಲ.”

“ಹೂಂ.”

“ಹೂಂ ಅಂದ್ರೆ? ಅತ್ತೇನ ಕೇಳ್ತೀಯೋ ಇಲ್ವೋ?”

“ಮಾತಾಡ್ತೀನಿ ಬುಡು.”

ಮಾತಾಡುತ್ತೀನಿ ಎಂದವನು ಮೂರು ವಾರ ಮಾತಾಡಲಿಲ್ಲ. ಈ ನಡುವೆ ಕುರಿಮರಿ ಆಟದ ಯಜಮಾನ ಬಂದು ಆಟ ತೆಗೆದುಕೊಂಡು ಹೋದ, ಮುದ್ದಪ್ಪ ಎರಡು ದಿನ ಮಂಕಾಗಿ ಕೂತ. ಕೊನೆಗೆ ಒಂದು ದಿನ ಎಲ್ಲರೂ ಉಣ್ಣುತ್ತಿದ್ದಾಗ ಈರಕ್ಕನೇ ಬಾಯಿ ಬಿಟ್ಟಳು. ಗಿರಿಯಮ್ಮ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

“ಸಿರಾದಾಗೆ ಹಡೀತೀಯ? ಇವ್ನೂ ನಿನ್ ಜೊತೆ ಅಲ್ಲೇ ಇರ್ಬೇಕು. ನಿನ್ನ ಮುಟ್ಟಿದ ಮ್ಯಾಲೆ ಇವ್ನು ಹಟ್ಟಿ ಒಳಕ್ಕೆ ಬರಂಗಿಲ್ಲ. ಬರೋ ಸಂಕ್ರಾಂತಿಗೆ ಅಪ್ಪನ ಕೈಯಿಂದ ಗಂಟೆ ಇಸ್ಕಂಡು ಪೂಜಾರಿ ಆಗ್ಬೇಕಾದ ಮಗ. ಮೈಲಿಗೆ ಕೈಯಾಗೆ ಗಂಟೆ ಹಿಡೀತಾನಾ?”

“ಮೊದ್ಲನೇದು ಗುಡಿಸ್ಲಾಗೇ ಓಯ್ತಲ್ಲ ಅತ್ತೆ.”

“ಅದ್ರ ಹಣೆಬರ ಅಷ್ಟಿತ್ತು. ಆರು ಹಡೆದೋಳ ಮುಂದೆ ಮೂರು ಹಡೆದೋಳು ಬಾಣಂತನ ಹೇಳ್ಕೊಟ್ಲಂತೆ. ನಾನು ಆರಲ್ಲ, ಏಳು ಹಡೆದಿವ್ನಿ, ಅದೇ ಗುಡಿಸ್ಲಾಗೆ.”

“ಎಷ್ಟು ಉಳುದ್ವವ್ವ?” ಎಂದಳು ಹೊನ್ನಕ್ಕ, ತಟ್ಟೆಯಿಂದ ತಲೆ ಎತ್ತದೆ.

ಉಳಿದವರು ಇಬ್ಬರು, ಇಬ್ಬರೂ ಅಲ್ಲೇ ಕೂತು ಉಣ್ಣುತ್ತಿದ್ದರು. ಗಿರಿಯಮ್ಮ ಮಗಳ ತಟ್ಟೆಗೆ ಇನ್ನೊಂದು ಸೌಟು ಸಾರು ಸುರಿದು, “ಬಾಯ್ಮುಚ್ಕಂಡು ಉಣ್ಣು,” ಎಂದಳು. ಆ ದನಿಯಲ್ಲಿ ಸಿಟ್ಟು ಇತ್ತೋ ಬೇರೆ ಏನಿತ್ತೋ, ಅವಳಿಗೇ ಗೊತ್ತು.

“ನೀನೇನಂತೀಯ್ಲಾ?” ಎಂದು ಮುದ್ದಪ್ಪ ಮಗನನ್ನು ಕೇಳಿದ.

ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತೆ ಕೂತಿದ್ದ ಅಂಜನಪ್ಪ ಹೆಂಡತಿಯ ಮುಖವನ್ನೂ ನೋಡಲಿಲ್ಲ, ಅವ್ವನ ಮುಖವನ್ನೂ ನೋಡಲಿಲ್ಲ. “ನಾನೇನನ್ಲಿ. ಹೆಂಗೆ ನಡ್ಕಂಡು ಬಂದೈತೋ ಅಂಗೆ,” ಎಂದು ಕೈ ತೊಳೆಯಲು ಎದ್ದ. ನನಗೆ ಈ ಕಥೆಯಲ್ಲಿ ಯಾರ ಮೇಲಾದರೂ ಸಿಟ್ಟಿದ್ದರೆ ಹೀಗೆ ಎದ್ದುಹೋದ ಅಂಜನಪ್ಪನ ಮೇಲೆ. ಅವನು ಕೆಟ್ಟವನಲ್ಲ. ಹೆಂಡತಿಯನ್ನು ಒಂದು ದಿನವೂ ಬೈದವನಲ್ಲ. ಒಂದು ಮಾತು ಆಡಬೇಕಾದ ಕಡೆ ಆಡಲಿಲ್ಲ, ಅಷ್ಟೆ.

ಅದರ ಬದಲಿಗೆ ಅವನು ಆಟ ತಂದ. ಗೌರಿಹಬ್ಬ ಕಳೆದ ಮೇಲೆ ಮೂರನೆಯದು ಬಂತು. ಯಜಮಾನ ಮತ್ತೆ ಸೌದಿಗೆ ಹೋಗಿದ್ದ, ಎರಡು ವರ್ಷ ಬರುವವನಲ್ಲ. ನಾಲ್ಕು ಕಡೆ ನಾಲ್ಕು ಕೋಳಿ ಕೂತಿವೆ, ನಾಲ್ಕೂ ಮೊಟ್ಟೆ ಇಡುತ್ತವೆ, ಮೊಟ್ಟೆ ಜಾರುತ್ತ ಬರುತ್ತದೆ, ನಡುವೆ ಒಬ್ಬ ಹೆಂಗಸು ಬುಟ್ಟಿ ಹಿಡಿದು ನಿಂತಿದ್ದಾಳೆ. ಮೂರು ಒಡೆದರೆ ಮುಗಿಯಿತು. ಗುಂಡಿ ಒತ್ತಿದರೆ ಶುರುವಿಗೆ ಟೀಂ ಟಿಟೀಂ ಎಂದು ಒಂದು ರಾಗ. ಎಷ್ಟು ಜೋರು ಎಂದರೆ ಬೆಳಗಿನ ಹೊತ್ತು ಒತ್ತಿದರೆ ಹಟ್ಟಿಯ ನಾಯಿಗಳೆಲ್ಲ ಕಿವಿ ನಿಮಿರಿಸುತ್ತಿದ್ದವು.

“ಇದು ನಿಂಗೆ,” ಎಂದು ಅಂಜನಪ್ಪ ಅದನ್ನು ಈರಕ್ಕನ ಮಡಿಲಿಗೆ ಹಾಕಿದ. “ಒಬ್ಳೇ ಇರ್ತೀಯಲ್ಲ ಅಲ್ಲಿ. ಬೇಜಾರು ಕಳೀತದೆ. ಸೆಲ್ಲು ಮುಗುದ್ರೆ ಹೇಳು, ತತ್ತೀನಿ.”

ಈರಕ್ಕ ಆಟವನ್ನು ನೋಡಿದಳು, ಗಂಡನನ್ನು ನೋಡಿದಳು. “ಮಾತಾಡ್ತೀನಿ ಅಂದಿದ್ದೆ,” ಎಂದಳು. ಅವನು ಸ್ಕ್ರೂಡ್ರೈವರ್ ಹುಡುಕುವವನ ಹಾಗೆ ಜೇಬು ತಡವಿಕೊಂಡ.

ಗುಡಿಸಲಿಗೆ ಹೋದ ವಸ್ತು ಮತ್ತೆ ಒಳಗೆ ಬರಬಹುದೇ ಎಂದು ಆವತ್ತು ದೊಡ್ಡ ಚರ್ಚೆಯಾಯಿತು. ಬಟ್ಟೆಯಾದರೆ ಒಗೆಯಬಹುದು, ಪಾತ್ರೆಯಾದರೆ ಬೂದಿ ಹಾಕಿ ತಿಕ್ಕಬಹುದು, ಈ ಮಿಷನ್ನನ್ನು ನೀರಿಗೆ ಹಾಕಿದರೆ ಸತ್ತೇಹೋಗುತ್ತದೆ. ಮುದ್ದಪ್ಪ ತುಂಬ ಯೋಚಿಸಿ, “ಗಾಜಿಗೆ ಮೈಲಿಗೆ ಹತ್ತಕ್ಕಿಲ್ಲ, ಮ್ಯಾಲೆ ಗಂಜಳ ಚುಮುಕಿಸಿದ್ರೆ ಸಾಕು,” ಎಂದು ತೀರ್ಪು ಕೊಟ್ಟ. ಆಮೇಲೆ ತಾನೂ ಆಡಬಹುದೆಂಬ ಆಸೆ ಆ ತೀರ್ಪಿನಲ್ಲಿ ಇರಲಿಲ್ಲವೆಂದು ಹೇಳಲಾರೆ.

ದಸರೆ ಕಳೆದು ಎಂಟು ದಿನಕ್ಕೆ ಈರಕ್ಕ ಹೆಣ್ಣು ಕೂಸು ಹಡೆದಳು. ಹೆರಿಗೆ ಹಗುರವಾಯಿತು. ಕೂಸು ದುಂಡಗಿತ್ತು, ತಲೆತುಂಬ ಕೂದಲು. ಹೆಸರು ಒಳಗೆ ಬಂದ ಮೇಲೆ ಇಡುವುದು, ಅಲ್ಲಿಯ ತನಕ ‘ಪುಟ್ಟಿ’. ಗಿರಿಯಮ್ಮ ದಿನಕ್ಕೆರಡು ಸಲ ಬಿಸಿ ಮುದ್ದೆ, ಬೆಳ್ಳುಳ್ಳಿ ಸಾರು, ಮೆಣಸಿನ ಖಾರ ಹೊತ್ತು ಚಪ್ಪಡಿ ಕಲ್ಲಿನ ತನಕ ಬರುತ್ತಿದ್ದಳು. ತುಪ್ಪಕ್ಕೆ ಕಡಿಮೆ ಮಾಡಲಿಲ್ಲ. ಹಿಂದೆ ಸರಿದು ನಿಂತು, ಸೊಸೆ ಕೂಸನ್ನೆತ್ತಿಕೊಂಡು ಬಂದು ತೋರಿಸುವ ತನಕ ಹೋಗುತ್ತಿರಲಿಲ್ಲ.

“ಇತ್ಲಾಗೆ ತಿರುಗ್ಸು ಮುಖಾವ. ಕಣ್ಣು ಅವ್ರಪ್ಪಂದೇ.”

“ಬಂದು ಎತ್ಕಳಿ ಅತ್ತೆ,” ಎನ್ನುವಳು ಈರಕ್ಕ, ನಗುತ್ತ, ಬರುವುದಿಲ್ಲವೆಂದು ಗೊತ್ತಿದ್ದೇ.

“ಸಂಕ್ರಾಂತಿ ಹೊತ್ಗೆ ಒಳಕ್ಕೆ ಬತ್ತಾಳಲ್ಲ, ಆವಾಗ ನಿನ್ ಕೈಗೇ ಕೊಡಕಿಲ್ಲ ನೋಡು.”

ಆಟ ಈರಕ್ಕನಿಗೆ ಅಂಟಿಕೊಂಡದ್ದು ಹತ್ತು ದಿನದ ಮೇಲೆ. ಕೂಸು ಮಲಗಿದಾಗ ಆಡುವಳು. ಕಲ್ಲಾಟ ಆಡಿ ಬೆಳೆದ ಅವಳಿಗೆ ಮೊಟ್ಟೆ ಜಾರುವ ಲಯ ಬೇಗ ಸಿಕ್ಕಿತು. ಕೂಸು ಎದ್ದಿರುವಾಗ ರಾಗದ ಗುಂಡಿ ಒತ್ತಿದರೆ ಅದು ಅಳು ನಿಲ್ಲಿಸಿ ಸದ್ದು ಬಂದ ಕಡೆ ಕಣ್ಣು ತಿರುಗಿಸುತ್ತಿತ್ತು. ಮುನಿಯಮ್ಮ ಅದನ್ನು ನೋಡಿ ಕೇರಿಯಲ್ಲೆಲ್ಲ ಹೇಳಿದಳು.

ಹಟ್ಟಿಯಲ್ಲಿ ಆ ಸದ್ದು ಒಂದು ಗುರುತಾಯಿತು. ಬೆಳಿಗ್ಗೆ ಟೀಂ ಟಿಟೀಂ ಎಂದರೆ ಬಾಣಂತಿ ಎದ್ದಳು, ಕೂಸು ಚೆನ್ನಾಗಿದೆ. ಗಿರಿಯಮ್ಮ ರಾಗಿ ಬೀಸುತ್ತ ಕಿವಿಗೊಟ್ಟಿರುವಳು. ಮುದ್ದಪ್ಪ ಕುರಿ ಬಿಟ್ಟುಕೊಂಡು ಹೋಗುವಾಗ ಬೇಲಿಯ ಬಳಿ ನಿಂತು ಕೂಗುವನು.

“ಎಷ್ಟಾಯ್ತವ್ವ ಈರಕ್ಕ?”

“ಇನ್ನೂರ ಎಂಬತ್ತು ಮಾವ.”

“ಮೂರ್ ಒಡೆದ್ವಾ?”

“ಎರಡೇ. ಪುಟ್ಟಿ ಅತ್ಲು, ಬುಟ್ಬುಟ್ಟೆ.”

“ಅಯ್ಯೋ, ಕೂಸು ಅಳ್ಳಿ ಬುಡವ್ವ, ಇನ್ನೂರ ಎಂಬತ್ತು ಸುಮ್ಕೆ ಬತ್ತದಾ,” ಎಂದು ಪೂಜಾರಪ್ಪ ನಗುವನು. ಈರಕ್ಕ ಕಾರ್ತೀಕದ ಮೊದಲ ವಾರ ಐನೂರು ಮುಟ್ಟಿಸಿದಳು. ಆ ದಿನ ಅವಳು ಬದುಕಿನಲ್ಲಿ ಯಾವತ್ತೂ ಇಲ್ಲದಷ್ಟು ಜೋರಾಗಿ ಕೂಗಿ ಹೇಳಿದಳು. ಹೊನ್ನಕ್ಕ ಕಲ್ಲಿನ ಈಚೆ ನಿಂತು ಕುಣಿದಳು.

ಮೂವತ್ತೆಂಟನೆಯ ದಿನ ಜಡಿ ಹಿಡಿಯಿತು. ಮದ್ರಾಸಿನ ಕಡೆ ಚಂಡಮಾರುತವಂತೆ, ಇಲ್ಲಿ ನಿಲ್ಲದ ಹನಿ, ಮೂಳೆಗೆ ಇಳಿಯುವ ಗಾಳಿ. ಅಂಜನಪ್ಪ ಹಿಂದಿನ ದಿನ ಶಿರಾಕ್ಕೆ ಹೋದವನು ಬಸ್ಸಿಲ್ಲದೆ ಸಾಬರ ಅಂಗಡಿಯಲ್ಲೇ ಉಳಿದಿದ್ದ. ಹಳ್ಳ ತುಂಬಿ ಹರಿದು ಮುನಿಯಮ್ಮ ಬರಲಿಲ್ಲ. ಬೆಳಿಗ್ಗೆ ಗಿರಿಯಮ್ಮ ಗೋಣಿಚೀಲ ಹೊದ್ದು ಊಟ ಇಟ್ಟು ಬಂದಳು. ಈರಕ್ಕ ಕೂಸನ್ನು ಹೊರಗೆ ತರಲಿಲ್ಲ.

“ಸ್ವಲ್ಪ ಮೈ ಬಿಸಿ ಐತೆ ಅತ್ತೆ.”

“ಬೆಚ್ಚಗೆ ಮಡೀಕ. ಬಜೆ ತೇದು ನಾಲ್ಗೆ ಮ್ಯಾಲೆ ಹಚ್ಚು. ಒಲೆ ಆರ್ಸಬ್ಯಾಡ.”

“ಸೌದೆ ಒದ್ದೆ ಆಗೈತೆ.”

ಗಿರಿಯಮ್ಮ ಮನೆಗೆ ಬಂದು ಒಣ ಸೌದೆಯ ಕಟ್ಟೊಂದನ್ನು ತೆಗೆದುಕೊಂಡು ಹೋಗಿ ಕಲ್ಲಿನ ಮೇಲಿಟ್ಟಳು. ಮೇಲೆ ತನ್ನ ಕಂಬಳಿಯನ್ನೂ ಹಾಕಿದಳು. ಅದು ಒಗೆಯುವ ಬಟ್ಟೆಯಲ್ಲ, ಮುಂದೆ ಒಳಗೆ ಬರುವಂತಿಲ್ಲವೆಂದು ಗೊತ್ತಿದ್ದೇ ಹಾಕಿದಳು. ಅವಳನ್ನು ಕಲ್ಲುಮನಸ್ಸಿನವಳು ಎನ್ನುವವರು ಈ ಕಂಬಳಿಯನ್ನೂ ನೆನೆಯಬೇಕು.

ಮಧ್ಯಾಹ್ನ ಊಟದ ಹೊತ್ತಿಗೆ ಗುಡಿಸಲ ಕಡೆಯಿಂದ ಟೀಂ ಟಿಟೀಂ ಎಂದು ಕೇಳಿಸಿತು. ಮಳೆಯ ಸದ್ದನ್ನು ಸೀಳಿಕೊಂಡು ಬಂತು.

“ಕೇಳ್ರಿ, ಅತ್ಗೆ ಶುರು ಹಚ್ಕಂಡ್ಲು,” ಎಂದಳು ಹೊನ್ನಕ್ಕ. ಮಳೆಯೆಂದು ಸ್ಕೂಲಿಗೆ ಹೋಗಿರಲಿಲ್ಲ.

“ಸದ್ಯ,” ಎಂದಳು ಗಿರಿಯಮ್ಮ. ಬೆಳಗಿನಿಂದ ಅವಳ ಎದೆಯ ಮೇಲೆ ಕೂತಿದ್ದ ಭಾರ ಇಳಿಯಿತು. “ಕೂಸಿಗೆ ಇಳಿದೈತೆ. ಇಲ್ದಿದ್ರೆ ಆಟ ಆಡೋಳಾ ಅವ್ಳು.”

ಮತ್ತೆ ಕೇಳಿಸಿತು. ಮತ್ತೆ. ಒಂದರ ಹಿಂದೆ ಒಂದು. ಬರೀ ಶುರುವಿನ ರಾಗ. ಮೊಟ್ಟೆ ಜಾರುವ ಟಿಕ್ ಟಿಕ್ ಅಷ್ಟು ದೂರಕ್ಕೆ ಹೇಗೂ ಕೇಳುತ್ತಿರಲಿಲ್ಲ, ಆದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಮುದ್ದಪ್ಪ ಜಗುಲಿಯ ತುದಿಗೆ ಹೋಗಿ ಎರಡು ಕೈ ಬಾಯಿಗಿಟ್ಟು, “ಎಷ್ಟಾಯ್ತವ್ವ?” ಎಂದು ಕೂಗಿದ. ಗಾಳಿ ಅವನ ಮಾತನ್ನು ಅವನ ಮುಖಕ್ಕೇ ಹೊಡೆಯಿತು. “ಮೂರ್ಮೂರು ಸಲ ಸೋತವ್ಳೆ ಇವತ್ತು. ಚಳಿಗೆ ಕೈ ಓಡ್ತಿಲ್ಲ,” ಎಂದು ನಗುತ್ತ ಒಳಗೆ ಬಂದು ಹಪ್ಪಳ ಕೇಳಿದ. ಗಿರಿಯಮ್ಮ ಸುಟ್ಟು ಕೊಟ್ಟಳು. ಮೂವರೂ ಬೆಚ್ಚಗೆ ಕೂತು ಉಂಡರು.

ದೀಪ ಹಚ್ಚುವ ಮುಂಚೆ ಸದ್ದು ನಿಂತಿತು. ಗಿರಿಯಮ್ಮ ಸಂಜೆಯ ಊಟವನ್ನು ಕಲ್ಲಿನ ಮೇಲಿಟ್ಟು ಕೂಗಿದಳು, ಉತ್ತರ ಬರಲಿಲ್ಲ. ಆಡಿ ಆಡಿ ದಣಿದು ಮಲಗಿದ್ದಾಳೆ, ಮಳೆ ಬೇರೆ, ಎಂದುಕೊಂಡು ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಕವುಚಿ ಬಂದಳು.

ಬೆಳಿಗ್ಗೆ ಬಿಸಿಲು ಬಂದಿತ್ತು. ತಟ್ಟೆ ಕವುಚಿದಂತೆಯೇ ಇತ್ತು. ಈರಕ್ಕ ಗುಡಿಸಲ ಮುಂದೆ ಕಂಬಳಿ ಹೊದ್ದು ಕೂತಿದ್ದಳು, ಮಡಿಲಲ್ಲಿ ಕೂಸು ಇತ್ತು. ಎತ್ತಿ ತೋರಿಸಲಿಲ್ಲ.

“ಓಯ್ತು ಅತ್ತೆ,” ಎಂದಳು.

ಗಿರಿಯಮ್ಮನ ಕೈಯಿಂದ ಗಂಜಿಯ ಚೊಂಬು ಬಿತ್ತು. “ಯಾವಾಗ?”

“ನೆನ್ನೆ ಬೈಗ್ನಾಗೆ.”

“ಆಟ... ಆಟ ಆಡ್ತಿದ್ಯಲ್ಲೇ. ನಾವೆಲ್ಲ ಕೇಳಿಸ್ಕಂಡ್ವಲ್ಲೇ.”

“ಆಡ್ಲಿಲ್ಲ. ಉಸಿರು ಎಳ್ಕಣಾಕೆ ಶುರುಮಾಡ್ತು. ಕಲ್ಲಿನ್ ತಂಕ ಬಂದು ಕೂಗ್ದೆ, ಮಳೆ ಸದ್ದಿಗೆ ನಿಮ್ಗೆ ಕೇಳಿಸ್ಲಿಲ್ಲ. ಕೂಸ್ನ ಬುಟ್ಟು ಎಷ್ಟೊತ್ತು ನಿಂತ್ಕಳ್ಲಿ? ಇದ್ರ ಸದ್ದು ನಿಮ್ಗೆ ಕೇಳಿಸ್ತದೆ ಅಂತ ಗೊತ್ತಿತ್ತು. ಒತ್ತಿದ್ದೇ ಒತ್ತಿದ್ದೇ ಒತ್ತಿದೆ. ಯಾರಾರ ಒಬ್ರು ಬತ್ತೀರಿ ಅಂತ.” ಅವಳ ದನಿಯಲ್ಲಿ ದೂರು ಇರಲಿಲ್ಲ, ಯಾರಿಗೋ ದಾರಿ ಹೇಳುವವಳ ಹಾಗೆ ಹೇಳಿದಳು. “ಆಮ್ಯಾಕೆ ಪುಟ್ಟಿ ಕಣ್ಣು ತಿರುಗಿಸ್ತಾಳಾ ಅಂತ ಒತ್ತಿದೆ. ತಿರುಗ್ಸಲಿಲ್ಲ.”

ಗಿರಿಯಮ್ಮ ಚಪ್ಪಡಿ ಕಲ್ಲಿನ ಈಚೆಯೇ ನೆಲಕ್ಕೆ ಕುಸಿದು ಕೂತು ಬಾಯಿ ಬಾಯಿ ಬಡಿದುಕೊಂಡಳು. ಆಗಲೂ ಕಲ್ಲು ದಾಟಲಿಲ್ಲ.

ಹಳ್ಳ ಇಳಿದ ಮೇಲೆ ಮುನಿಯಮ್ಮ ಬಂದು ಕೂಸಿಗೆ ನೀರು ಹಾಕಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಕೊಟ್ಟಳು. ಮಧ್ಯಾಹ್ನದ ಬಸ್ಸಿಗೆ ಬಂದ ಅಂಜನಪ್ಪನಿಗೆ ದಾರಿಯಲ್ಲೇ ಸುದ್ದಿ ಸಿಕ್ಕಿತು. ಕೂಸನ್ನು ಅವನು ಮೊದಲ ಸಲ ಎತ್ತಿಕೊಂಡದ್ದು ಗುಂಡಿಗಿಡಲು. ಆಮೇಲೆ ಅವನು ಚಪ್ಪಡಿ ಕಲ್ಲಿನ ಬಳಿ ನಿಂತ. ಈರಕ್ಕ ಆಟ ತಂದು ಕಲ್ಲಿನ ಮೇಲಿಟ್ಟು ಹಿಂದೆ ಸರಿದಳು.

“ತಗಂಡೋಗು.”

“ನಾನು ಆವತ್ತು ಮಾತಾಡ್ಬೇಕಿತ್ತು ಈರಕ್ಕ.”

“ಹೂಂ,” ಎಂದಳು ಅವಳು. ಅವನೇ ಅವಳಿಗೆ ಕಲಿಸಿದ ಉತ್ತರ ಅದು. ಅವನು ಆಟವನ್ನು ಜೇಬಿಗೆ ಹಾಕಿಕೊಂಡು ಹಟ್ಟಿಯೊಳಗೆ ಬರದೆ ಹಾಗೇ ಶಿರಾಕ್ಕೆ ನಡೆದ. ಅಂಗಡಿಯಲ್ಲಿ ಅದನ್ನು ಬಿಚ್ಚಿ ಮೇಜಿನ ಮೇಲೆ ಹರವಿಕೊಂಡು ಕೂತ. ಸಾಬರು ಏನಾಗಿದೆ ಎಂದು ಕೇಳಿದರು. ಏನೂ ಆಗಿಲ್ಲ, ಸೆಲ್ಲು ಮುಗಿದಿದೆ ಎಂದ. ಸಾಬರು ಅವನ ಮುಖ ನೋಡಿ, ಅಂಗಡಿಯ ಮುಂದೆ ಬಂದವರನ್ನು ತಾವೇ ಮಾತಾಡಿಸಿ ಕಳಿಸಿದರು.

ಕೂಸು ಹೋಯಿತು, ಇನ್ನು ಈರಕ್ಕ ಒಳಗೆ ಬರುತ್ತಾಳೆ ಎಂದುಕೊಂಡಿದ್ದಳು ಹೊನ್ನಕ್ಕ. ಹಟ್ಟಿಯ ಹಿರಿಯರು ಕಟ್ಟೆಯ ಮೇಲೆ ಕೂತು ಬೇರೆ ಹೇಳಿದರು. ಕೂಸಿರಲಿ ಬಿಡಲಿ, ಹಡೆದ ಮೈ ಹಡೆದ ಮೈಯೇ. ಮೂರು ತಿಂಗಳು ಅಂದರೆ ಮೂರು ತಿಂಗಳು. ಇನ್ನೂ ಐವತ್ತೆರಡು ದಿನ. ಹಿರಿಯ ಚಿಕ್ಕರಂಗಯ್ಯ ಪೂಜಾರಿಯ ಮುಖ ನೋಡಿದ. ಮುದ್ದಪ್ಪ ತಲೆ ತಗ್ಗಿಸಿದ, ತಲೆ ತಗ್ಗಿಸಿದ್ದನ್ನೇ ಒಪ್ಪಿಗೆಯೆಂದು ತಿಳಿದು ಎಲ್ಲರೂ ಎದ್ದುಹೋದರು.

ಮನೆಯಲ್ಲಿ ಊಟ ಸೇರದಾಯಿತು.

“ಎದೆ ಹಾಲು ಕಟ್ಕಂಡೈತಂತೆ ಅತ್ಗೆಗೆ,” ಎಂದಳು ಹೊನ್ನಕ್ಕ ಒಂದು ಸಂಜೆ. “ಮುನಿಯಮ್ಮ ಹೇಳಿದ್ಲು. ಜ್ವರ ಬೇರೆ. ಕುಡಿಯೋಕೆ ಕೂಸಿಲ್ಲ, ಹಿಂಡೋಕೆ ಜೊತ್ಗೆ ಒಬ್ರಿಲ್ಲ. ಅಪ್ಪ, ದೇವ್ರು ನಿನ್ ಮೈಮ್ಯಾಲೆ ಬಂದಾಗ ಒಂದ್ಮಾತು ಹೇಳಕ್ಕಾಗಕ್ಕಿಲ್ವಾ?”

“ದೇವ್ರು ಬಂದ್ರಲ್ವಾ ಹೇಳಾದು,” ಎಂದ ಮುದ್ದಪ್ಪ. ಆ ಸೋಮವಾರ ಅವನ ಮೈಮೇಲೆ ದೇವರು ಬಂದಿರಲಿಲ್ಲ. “ನಾನು ಕೂಗ್ದೆ ಕಣಮ್ಮ. ಎಷ್ಟಾಯ್ತು ಅಂತ ಕೂಗಿ ನಕ್ಕೆ. ಅದೇ ಕಿವಿಯಾಗೆ ಕುಂತೈತೆ.”

“ನಾನು ಹೇಳಿದ್ದು ಮೊದ್ಲು. ಅತ್ಗೆ ಶುರು ಹಚ್ಕಂಡ್ಲು ಅಂತ.”

“ಬುಡ್ರೇ,” ಎಂದಳು ಗಿರಿಯಮ್ಮ. “ಸದ್ಯ ಅಂದೋಳು ನಾನು.”

ಅವಳು ಒಲೆಯ ಮೇಲಿನ ಮುದ್ದೆಯನ್ನು ಇಳಿಸಿ ಎರಡು ಕಟ್ಟಿದಳು, ಎರಡನ್ನೂ ಒಂದೇ ತಟ್ಟೆಗೆ ಹಾಕಿದಳು, ಸಾರಿನ ಚೊಂಬು, ಬಿಸಿನೀರಿನ ಪಾತ್ರೆ, ಒಂದು ಹಳೆಯ ಪಂಚೆ. ಗೋಡೆಯ ಗೂಟದಲ್ಲಿದ್ದ ಪೂಜೆಯ ದಿನದ ಸೀರೆಯನ್ನು ಮಗಳ ಕೈಗೆ ಕೊಟ್ಟು, “ಇದ್ನ ಒಳ್ಗೆ ಮಡಗು,” ಎಂದಳು. ಮುದ್ದಪ್ಪನಿಗೆ ಅರ್ಥವಾಯಿತು.

ಹೊತ್ತು ಇಳಿಯುತ್ತಿತ್ತು. ಕುರಿಗಳು ದೊಡ್ಡಿಗೆ ಸೇರುತ್ತಿದ್ದವು, ಬೇಲಿಯ ಬಾಗಿಲಲ್ಲಿ ನಾಲ್ಕು ಜನ ನಿಂತಿದ್ದರು. ಅವರ ಎದುರಿಗೇ ಗಿರಿಯಮ್ಮ ತಟ್ಟೆ ಹಿಡಿದು ಹೋದಳು. ಚಪ್ಪಡಿ ಕಲ್ಲು ಬಂತು. ತಟ್ಟೆ ಇಡಲಿಲ್ಲ. ದಾಟಿದಳು. ಹಿಂದಿನಿಂದ ಯಾರೋ, “ಪೂಜಾರಮ್ಮ, ಏನ್ ಮಾಡ್ತಿದ್ಯಾ?” ಎಂದರು. ಅವಳು ತಿರುಗಿ ನೋಡದೆ, ಸೊಂಟ ಬಗ್ಗಿಸಿ, ಏಳು ಸಲ ಹಡೆದ ಗುಡಿಸಲೊಳಗೆ ಹದಿನಾರು ವರ್ಷದ ಮೇಲೆ ಕಾಲಿಟ್ಟಳು.

ಈರಕ್ಕ ಮೂಲೆಯಲ್ಲಿ ಗೋಡೆಗೊರಗಿ ಕೂತಿದ್ದಳು. ಮೈ ಕೆಂಡವಾಗಿತ್ತು, ಕುಪ್ಪಸ ಒದ್ದೆಯಾಗಿತ್ತು. ಅತ್ತೆ ಒಳಗೆ ಬಂದದ್ದನ್ನು ಕಂಡು ಕಾಲು ಮಡಚಿಕೊಂಡು ಜಾಗ ಬಿಟ್ಟಳು. ಗಿರಿಯಮ್ಮ ಪಂಚೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ ಸೊಸೆಯ ಎದೆಗೆ ಒತ್ತಿದಳು. ಅವಳು ನರಳಿದಳು, ಇವಳು ಒತ್ತಿದಳು. ನೀರು ಆರುವ ತನಕ ಮತ್ತೆ ಮತ್ತೆ ಅದ್ದಿ ಒತ್ತಿದಳು. ಹಾಲು ಪಂಚೆಯ ತುಂಬ ಇಳಿಯಿತು.

“ತಡ ಮಾಡ್ಬುಟ್ಟೆ,” ಎಂದಳು ಗಿರಿಯಮ್ಮ. “ಇಲ್ಲೇ ಇರ್ತೀನಿ. ನಿನ್ ದಿನ ಮುಗ್ಯೋ ತಂಕ.”

ಈರಕ್ಕ ಅತ್ತೆಯ ಕಾಲುಗಳನ್ನು ನೋಡುತ್ತಿದ್ದಳು, ಅವು ಬಂದ ದಾರಿಯನ್ನು ನೋಡುತ್ತಿದ್ದಳು. ಬಾಗಿಲಿನಿಂದ ಕಲ್ಲು, ಕಲ್ಲಿನಿಂದ ಬೇಲಿ, ಎಲ್ಲ ಚೆನ್ನಾಗಿ ಕಾಣುತ್ತಿತ್ತು. ಕುರಿ ಕೂಡುವವರ ದನಿ ಕೂಡ ಕೇಳುತ್ತಿತ್ತು.

“ಎಷ್ಟು ಹೆಜ್ಜೆ ಅತ್ತೆ?”

“ಏನು?”

“ಏನೂ ಆಗ್ಲಿಲ್ಲ ನಿಮ್ಗೆ,” ಎಂದಳು ಈರಕ್ಕ. “ಬಂದ್ರಿ, ಕುಂತ್ರಿ. ಬರ್ಬೋದಿತ್ತು ಅಂಗಾರೆ.”

ಗಿರಿಯಮ್ಮನ ಕೈ ಪಂಚೆಯ ಮೇಲೆ ನಿಂತಿತು.

“ನಾನೂ ಆವತ್ತು ಕೂಸ್ನ ಎತ್ಕಂಡು ಬೇಲಿ ಬಾಗ್ಲ ತಂಕ ಬಂದಿದ್ದೆ. ಯಾರ್ಗೂ ಹೇಳಿಲ್ಲ. ನಿಮ್ ಮನೆ ಒಲೆ ಹೊಗೆ ಕಾಣ್ತಿತ್ತು. ಕೂಗಿದ್ರೂ ಮಳೆಗೆ ಯಾರೂ ಆಚೆ ಬರ್ಲಿಲ್ಲ. ಒಳಕ್ಕೆ ಕಾಲಿಟ್ರೆ ಹಟ್ಟಿಗೆ ಕೇಡಾಯ್ತದೆ ಅಂತ ತಿರುಗಿ ಬಂದ್ಬುಟ್ಟೆ.” ಆಗ ಅವಳಿಗೆ ಅಳು ಬಂತು, ಕೂಸು ಹೋದ ಒಂಬತ್ತು ದಿನದ ಮೇಲೆ ಮೊದಲ ಸಲ. “ನಾನೂ ಬರ್ಬೋದಿತ್ತು ಅತ್ತೆ.”

ಗಿರಿಯಮ್ಮ ಅವಳ ತಲೆಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.